ಮೋಟಾರಿನ ಮೂಗು

ಕಲಾ ವಿಭಾಗದ ವಿದ್ಯಾರ್ಥಿಯಾದವನು ಇತಿಹಾಸವನ್ನೋ ಸಾಹಿತ್ಯವನ್ನೋ ಬಿಟ್ಟು ಏರ್ ಫಿಲ್ಟರಿನ ವಿಷಯ ಬರೆಯಹೊರಟರೆ ಮಿತ್ರರು ನಗುವುದು ಸಹಜವೇ. ಆದರೆ ಈ ಕಾಲೇಜಿಗೆ ನಾನು ಕಟ್ಟಿದ ಫೀಸೆಲ್ಲ ಒಂದು ಅಂಬಾಸಿಡರ್ ಕಾರಿನ ದುಡಿಮೆ. 1957ರಿಂದ 2014ರವರೆಗೆ ತಯಾರಾಗಿ ನಿಂತುಹೋದ ಆ ಕಾರನ್ನು ಮದುವೆಯ ಮೆರವಣಿಗೆಗೆಂದು ಬಾಡಿಗೆಗೆ ಕರೆಯುವವರು ಈಗಲೂ ಇದ್ದಾರೆ. ಅಪ್ಪನದು 1984ರ ಪೆಟ್ರೋಲ್ ಗಾಡಿ, 1489 ಸಿ.ಸಿ. ಎಂಜಿನ್. ಅದನ್ನು ಕೆಡಿಸಿದವನು ನಾನೇ ಆದ್ದರಿಂದ ನಾಲ್ಕು ಮಾತು ಹೇಳುವ ಹಕ್ಕು ನನಗುಂಟೆಂದು ಭಾವಿಸಿದ್ದೇನೆ.

ಹಳೆಯ ಕಾರುಗಳ ಮೋಹ ಹಿಡಿದ ತರುಣರು ಮೊದಲು ಮಾಡುವ ಕೆಲಸವೆಂದರೆ ಕಾರ್ಬುರೇಟರಿಗೆ ಅಂಟಿದ ಕರಿಯ ತಗಡಿನ ಡಬ್ಬಿಯನ್ನು ಕಿತ್ತು, ಅಲ್ಲಿ ಹೊಳೆಯುವ ಮುಚ್ಚಳದ ಬಯಲು ಫಿಲ್ಟರನ್ನು ಕೂಡಿಸುವುದು. ನಾನೂ ವಿದ್ಯಾರ್ಥಿವೇತನದ ಹಣದಲ್ಲಿ ಅಂಥದೊಂದು ಸ್ಪಂಜಿನ ಫಿಲ್ಟರನ್ನು ತಂದು ಹಾಕಿದೆ. ಎಂಜಿನ್ ಗುಡುಗತೊಡಗಿತು. ಗಾಳಿಯನ್ನು ಸೆಳೆಯುವ ಸದ್ದನ್ನು ಅಡಗಿಸುವುದೂ ಆ ಡಬ್ಬಿಯ ಕೆಲಸವೆಂದು ಅರಿಯದ ನಾನು ಸದ್ದನ್ನೇ ಶಕ್ತಿಯೆಂದು ತಿಳಿದು ಹಿಗ್ಗಿದೆ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9000 ಲೀಟರ್ ಗಾಳಿ ಬೇಕು. ನಮ್ಮ ಗಾಡಿ ಓಡಾಡುವುದು ಸಂಡೂರಿನ ಸುತ್ತ, ಅದಿರಿನ ಲಾರಿಗಳು ಕೆಂಧೂಳೆಬ್ಬಿಸುವ ದಾರಿಯಲ್ಲಿ. ಸ್ಪಂಜನ್ನು ಎಣ್ಣೆಯಲ್ಲಿ ನೆನೆಸಿ ಹಿಂಡಿ ಹಾಕಬೇಕು, ಒಣಗಿದ್ದರೆ ನಯವಾದ ಧೂಳು ಸಲೀಸಾಗಿ ಒಳಗೆ ನುಗ್ಗುತ್ತದೆ. ನಾನು ಒಣಗಿದ್ದನ್ನೇ ಹಾಕಿದ್ದೆ! ಒಳಹೊಕ್ಕ ಧೂಳು ಎಂಜಿನ್ ಆಯಿಲ್‌ನೊಡನೆ ಬೆರೆತು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸಿತು. ಎರಡು ವರ್ಷ ತುಂಬುವ ಮೊದಲೇ ಹಿಂದಿನಿಂದ ನೀಲಿ ಹೊಗೆ. ಎಂಜಿನ್ ಬಿಚ್ಚಿದ ಮೇಸ್ತ್ರಿ, “ತಮ್ಮಾ, ಇದು ಮಣ್ಣು ತಿಂದೈತಿ” ಎಂದರು. ಬೋರ್ ಮಾಡಿಸುವುದರೊಳಗೆ ಆ ಸಲದ ಮದುವೆಯ ಬಾಡಿಗೆಗಳೆಲ್ಲ ಕೈತಪ್ಪಿದವು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಧೂಳಿನ ಮಾತು ಹಾಗಿರಲಿ, ಶಕ್ತಿಯಾದರೂ ಹೆಚ್ಚುವುದೇ? ಈ ಎಂಜಿನ್ನಿನಲ್ಲಿ ಕಾರ್ಬುರೇಟರೂ ಹೊಗೆಯ ಕೊಳವೆಯೂ ಒಂದೇ ಮಗ್ಗುಲಿಗಿವೆ. ಅಲ್ಲಿನ ಬಯಲು ಫಿಲ್ಟರ್ ಸೇದುವುದು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ. 30 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ನೂರಕ್ಕೆ ಒಂಬತ್ತು ಪಾಲು ಹಗುರ. ಆ ಮಟ್ಟಿಗೆ ಎಂಜಿನ್ನಿಗೆ ಉಸಿರು ಕಡಿಮೆಯೇ. ಮುಂಭಾಗದ ತಣ್ಣನೆಯ ಗಾಳಿಯನ್ನು ಡಬ್ಬಿಗೆ ತರುವ ಒಂದು ಕೊಳವೆಗೆ ಖರ್ಚು ಮಾಡುವುದು ಇದಕ್ಕಿಂತ ಜಾಣತನ.

ಎಸ್.ಯು. ಕಾರ್ಬುರೇಟರಿನ ಹಲವು ಮಾದರಿಗಳಲ್ಲಿ ಬಾಯಂಚಿನಲ್ಲಿ ಬೋಲ್ಟಿನ ತೂತುಗಳಲ್ಲದೆ ಸಣ್ಣ ಗಾಳಿತೂತುಗಳೂ ಇರುತ್ತವೆ. ಒಳಗಿನ ಪಿಸ್ಟನ್ ಮೇಲೇಳಬೇಕಾದರೆ ಅದರ ಅಡಿಗೆ ಗಾಳಿ ಬರುವುದು ಅಲ್ಲಿಂದ. ಪ್ಯಾಕಿಂಗನ್ನು ತಲೆಕೆಳಗಾಗಿ ಹಾಕಿ ಅವನ್ನು ಮುಚ್ಚಿಬಿಟ್ಟರೆ ಎಷ್ಟು ಬೆಲೆಯ ಫಿಲ್ಟರಿದ್ದರೂ ಗಾಡಿ ಏರು ಹತ್ತದು. ಫಿಲ್ಟರ್ ಬದಲಾದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಲೇಬೇಕು. ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆಂದೂ, ಮಸಿ ಹಿಡಿದಿದ್ದರೆ ಹೆಚ್ಚಾಗಿದೆಯೆಂದೂ ಅರ್ಥ. ತಿಳಿಕಂದು ಬಣ್ಣವಿದ್ದರೆ ಸರಿ.

ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. ನಮ್ಮ ಹಳೆಯ ಡಬ್ಬಿ ಎಣ್ಣೆ ತುಂಬುವ ಬಗೆಯದು. ಗಾಳಿ ಎಣ್ಣೆಯ ಮೇಲೆ ತಟ್ಟನೆ ತಿರುಗುವಾಗ ಧೂಳು ಎಣ್ಣೆಗೆ ಬೀಳುತ್ತದೆ, ಉಳಿದದ್ದು ಎಣ್ಣೆಯಾದ ಜಾಲರಿಗೆ ಅಂಟುತ್ತದೆ. ಮೆರವಣಿಗೆಯಲ್ಲಿ ಗಾಡಿ ಆಮೆಯಂತೆ ಸಾಗುವಾಗ ಸೆಳೆತ ಕುಗ್ಗಿ, ನಯವಾದ ಧೂಳನ್ನು ಅದು ಅಷ್ಟಾಗಿ ಹಿಡಿಯದು. ಆಗ ಕಾಗದದ ಫಿಲ್ಟರೇ ಮೇಲು, ಅದೂ ಮುಚ್ಚಿದ ಡಬ್ಬಿಯೊಳಗಿದ್ದರೆ. ಫಿಲ್ಟರೇ ಇಲ್ಲದೆ ಬರಿಯ ತುತ್ತೂರಿ ಹಾಕಿಕೊಳ್ಳುವುದು ಪಂದ್ಯದ ಕಾರುಗಳಿಗೆ ಇರಲಿ. ಅವರು ಎಂಜಿನ್ನನ್ನು ಆಗಾಗ್ಗೆ ಬಿಚ್ಚಿ ಕಟ್ಟುವವರು. ನಮಗೆ ಬಾಡಿಗೆ ಬರಬೇಕು.

ನಾನು ಕಿತ್ತೆಸೆದಿದ್ದ ಡಬ್ಬಿಯನ್ನು ಅಪ್ಪ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದರು. ಅದನ್ನೇ ತೊಳೆದು ಹಾಕಿದ್ದೇವೆ. ಕಾಗದದ್ದನ್ನು ಕೂಡಿಸೋಣವೆಂದು ನಾನು ಹೇಳಿದರೆ ಮೇಸ್ತ್ರಿ ಒಪ್ಪುವುದಿಲ್ಲ, ಅಪ್ಪ ಮೇಸ್ತ್ರಿಯ ಕಡೆ. ಈ ವಿಷಯದಲ್ಲಿ ಮನೆಯಲ್ಲಿ ನನ್ನ ಮಾತಿಗೆ ಸದ್ಯಕ್ಕೆ ಬೆಲೆಯಿಲ್ಲ. ಸಂಡೂರಿಗೆ ಹೋಗಿಬಂದಾಗಲೆಲ್ಲ ಡಬ್ಬಿಯ ಎಣ್ಣೆ ಚೆಲ್ಲಿ, ಹೊಸ ಎಣ್ಣೆಯನ್ನು ಗೀಟಿನ ಮಟ್ಟಕ್ಕೆ ತುಂಬುವ ಕೆಲಸ ಮಾತ್ರ ನನ್ನದು.