ತೇಲುವ ಸ್ಥಾವರದ ಬಾಡಿಗೆ, ಎರೆ ನೆಲದ ಬಿಲ್ಲು

ಕುಂದಗೋಳ ತಾಲ್ಲೂಕಿನ ಸಂಶಿಯ ಎರೆ ಹೊಲಗಳಲ್ಲಿ ನಿಂತವರಿಗೆ ಮಂಗಳೂರಿನ ತಣ್ಣೀರುಬಾವಿ ಘಟ್ಟದಾಚೆಯ ಊರು. ಆದರೂ ಅಲ್ಲಿ ಗುರುಪುರ ನದಿಯ ಮೇಲೆ ತೇಲುತ್ತಿದ್ದ ವಿದ್ಯುತ್ ಸ್ಥಾವರಕ್ಕೂ ಇಲ್ಲಿಯ ಹಿಟ್ಟಿನ ಗಿರಣಿಯ ಮೀಟರಿಗೂ 2001ರಿಂದ 2008ರವರೆಗೆ ನಂಟಿತ್ತು. ಕರೆಂಟು ಯಾವ ಸ್ಥಾವರದ್ದೇ ಇರಲಿ, ಒಂದೇ ಜಾಲಕ್ಕೆ ಸೇರುತ್ತದೆ. ಅದರ ಖರ್ಚೂ ಒಂದೇ ಲೆಕ್ಕಕ್ಕೆ ಬಿದ್ದು, ಊರೂರಿಗೆ ದರವಾಗಿ ಹಂಚಿಹೋಗುತ್ತದೆ. ಹಣ ಕೊಡುವವರಿಗೆ ಆ ಲೆಕ್ಕವನ್ನು ಬಿಡಿಸಿ ಹೇಳದಿರುವುದು ಅನ್ಯಾಯ.

ಜಿಎಂಆರ್ ಕಂಪನಿಯ ಆ ಸ್ಥಾವರದ ಸಾಮರ್ಥ್ಯ 220 ಮೆಗಾವಾಟ್. ಕಚ್ಚಾ ತೈಲ ಸಂಸ್ಕರಿಸುವಾಗ ಸಿಗುವ ನಾಫ್ತಾ ಎಂಬ ಹಗುರ ಎಣ್ಣೆಯನ್ನು ಉರಿಸಿ ಟರ್ಬೈನ್ ತಿರುಗಿಸುತ್ತಿದ್ದರು; ಹೊರಬಿದ್ದ ಬಿಸಿ ಗಾಳಿಯಿಂದ ನೀರು ಕಾಯಿಸಿ, ಆ ಹಬೆಯಿಂದ ಮತ್ತೊಂದು ಟರ್ಬೈನ್. ಯಂತ್ರಗಳೆಲ್ಲ ಬಾರ್ಜ್ ಎಂಬ ಚಪ್ಪಟೆ ತಳದ ದೋಣಿಯ ಮೇಲೆ. ಪಣಂಬೂರಿನ ಬಂದರೂ ಎಂಆರ್‌ಪಿಎಲ್ ಸಂಸ್ಕರಣಾಗಾರವೂ ಹತ್ತಿರದಲ್ಲೇ ಇದ್ದವು.

ಇಂಥ ಸ್ಥಾವರವನ್ನು ಅವಸರದಲ್ಲಿ ತಂದದ್ದಕ್ಕೆ ಕಾರಣವಿತ್ತು. ಶರಾವತಿ, ಕಾಳಿ ಜಲಾಶಯಗಳನ್ನು ನೆಚ್ಚಿಕೊಂಡಿದ್ದ ರಾಜ್ಯ ನಮ್ಮದು. ಮಳೆ ಕೈಕೊಟ್ಟರೆ ಕತ್ತಲು. ನಂದಿಕೂರಿನಲ್ಲಿ ಕಲ್ಲಿದ್ದಲು ಸ್ಥಾವರ ಕಟ್ಟಬೇಕಿದ್ದ ಅಮೆರಿಕದ ಕೋಜೆಂಟ್ರಿಕ್ಸ್ 1999ರ ಡಿಸೆಂಬರಿನಲ್ಲಿ ಕೈತೊಳೆದುಕೊಂಡಿತು. ಬೇಗ ಸಿಗುವುದೆಂದರೆ ಎಣ್ಣೆಯ ಕರೆಂಟು. ಯಲಹಂಕದಲ್ಲಿ ಡೀಸೆಲ್ ಸ್ಥಾವರ ಮೊದಲೇ ಬಂದಿತ್ತು. ನಮ್ಮ ಪಕ್ಕದ ಬೆಳಗಾವಿಯಲ್ಲೂ ಟಾಟಾ ಪವರ್‌ನ 81 ಮೆಗಾವಾಟ್ ಸ್ಥಾವರ ಫರ್ನೇಸ್ ಆಯಿಲ್ ಉರಿಸಿತು.

ಇಂಥ ಸ್ಥಾವರಗಳಿಂದ ಕರೆಂಟು ಕೊಳ್ಳುವ ಒಪ್ಪಂದಗಳಲ್ಲಿ ದರಕ್ಕೆ ಎರಡು ಭಾಗ. ಒಂದು ನಿಗದಿತ ವೆಚ್ಚ, ಇನ್ನೊಂದು ಇಂಧನದ ವೆಚ್ಚ. ಸ್ಥಾವರ ಸಿದ್ಧವಾಗಿ ನಿಂತಿದ್ದರೆ ಸಾಕು, ಒಂದು ಯುನಿಟ್ ಕೊಳ್ಳದಿದ್ದರೂ ಮೊದಲನೆಯದನ್ನು ಕೊಡಬೇಕು. ಊರಿಗೆ ಹೋದ ಬಾಡಿಗೆದಾರ ಬೀಗ ಹಾಕಿದ ಮನೆಗೂ ಬಾಡಿಗೆ ಕಟ್ಟಿದ ಹಾಗೆ. ಎರಡನೆಯದಂತೂ ತೈಲ ಪೇಟೆಯ ಕೈಯಲ್ಲಿ. 2001ರಲ್ಲಿ ಬ್ಯಾರಲ್‌ಗೆ 25 ಡಾಲರ್ ಆಸುಪಾಸಿದ್ದ ಕಚ್ಚಾ ತೈಲ 2008ರ ಜುಲೈನಲ್ಲಿ 147 ಡಾಲರ್ ದಾಟಿತು. ಎಣ್ಣೆ ತುಟ್ಟಿಯಾದಷ್ಟೂ ತಣ್ಣೀರುಬಾವಿಯ ಸ್ಥಾವರದಿಂದ ಕೊಳ್ಳುವುದು ದಂಡ, ಕೊಳ್ಳದಿದ್ದರೂ ಬಾಡಿಗೆ ತಪ್ಪದು. ಕೊಂಕಣ ಕರಾವಳಿಯ ದಾಭೋಳದಲ್ಲಿ ನಾಫ್ತಾ ಉರಿಸುತ್ತಿದ್ದ ಎನ್ರಾನ್ ಸ್ಥಾವರ ದರದ ಜಗಳದಲ್ಲಿ 2001ರ ಮೇ ತಿಂಗಳಲ್ಲಿ ನಿಂತಿತು. ಅದೇ ವರ್ಷ ನಾವು ನಾಫ್ತಾ ಕರೆಂಟು ಕೊಳ್ಳಲು ಶುರುಮಾಡಿದೆವು.

ತಣ್ಣೀರುಬಾವಿಯ ಒಪ್ಪಂದ ಏಳೇ ವರ್ಷದ್ದು. ಅದರ ಅತಿ ದೊಡ್ಡ ಗುಣ ಇದೇ ಎಂದು ನಾನು ಎಣಿಸುತ್ತೇನೆ. ಅದು ಮುಗಿದ ಮೇಲೆ, 2010ರಲ್ಲಿ ಬಾರ್ಜನ್ನು ಕಾಕಿನಾಡಕ್ಕೆ ಎಳೆದುಕೊಂಡು ಹೋದರು, ನೈಸರ್ಗಿಕ ಅನಿಲಕ್ಕೆ ಹೊಂದಿಸಿದರು. ಕೃಷ್ಣಾ–ಗೋದಾವರಿ ಕಣಿವೆಯ ಅನಿಲ ಕುಸಿದಾಗ ಅಲ್ಲಿಯೂ ಅದಕ್ಕೆ ಉರಿಸಲು ಏನೂ ಸಿಗಲಿಲ್ಲ. ಇದೇ ಸ್ಥಾವರಕ್ಕೆ 25 ವರ್ಷದ ಒಪ್ಪಂದ ಬರೆದುಕೊಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತು!

ಇನ್ನು ನಮ್ಮ ಕುಂದಗೋಳ ತಾಲ್ಲೂಕಿನಲ್ಲಿ ಹೆಚ್ಚಿನದು ಮಳೆಯಾಶ್ರಿತ ಬೇಸಾಯ. ಹೆಸರು, ಹತ್ತಿ, ಮೆಣಸಿನಕಾಯಿ, ಹಿಂಗಾರಿಗೆ ಜೋಳ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಸರಿ; ಬೋರ್‌ವೆಲ್ ಇಲ್ಲದವರಿಗೆ ಅದರಿಂದೇನು? ಗಿರಣಿಯವರು, ವೆಲ್ಡಿಂಗ್ ಅಂಗಡಿಯವರು ಮಾತ್ರ ಪೂರ್ತಿ ದರ ಕಟ್ಟುತ್ತಾರೆ. ಹೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕದ ಜತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಸಾಲೂ ಇದೆ. ದೂರದ ಸ್ಥಾವರಗಳ ಖರ್ಚು ಊರೊಳಗೆ ಬರುವ ದಾರಿ ಅದು.

1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ಏರಿಸುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪಣೆ ಕೊಡಬಹುದು. ಸಂಶಿಯ ರೈತರು, ಗಿರಣಿ ಮಾಲೀಕರು ಅಲ್ಲಿ ಹೋಗಿ ಕೂಡಬೇಕು. ಸೂರ್ಯ ಮುಳುಗಿದ ಮೇಲಿನ ಬೇಡಿಕೆಗೆಂದು ಇವತ್ತು ಬ್ಯಾಟರಿಗಳ ಮಾತು ನಡೆದಿದೆ, ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕರೆಂಟು ಮಾಡುವ ಶರಾವತಿಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತೂ ನಡೆದಿದೆ. ಇವುಗಳ ಒಪ್ಪಂದ ಎಷ್ಟು ವರ್ಷದ್ದು, ಸುಮ್ಮನೆ ನಿಂತಾಗ ವರ್ಷಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಸಹಿ ಬೀಳುವ ಮೊದಲೇ ಕನ್ನಡದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಲಿ. ನಮ್ಮ ಆಕ್ಷೇಪಣೆಯ ಮೊದಲ ಸಾಲು ಇದೇ ಆಗಿರಲಿ.