ತಲೆಪೆಟ್ಟಿನ ಲೆಕ್ಕ ತಾಲ್ಲೂಕಿನಲ್ಲೇ ಬರೆಯಲಿ

ಸುಗ್ಗಿ ಬಂತೆಂದರೆ ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರು ಕಡೆ ಮೆಕ್ಕೆಜೋಳ, ಹೊನ್ನಾಳಿ ಕಡೆ ಭತ್ತ ಡಾಂಬರು ರಸ್ತೆಗೇ ಇಳಿಯುತ್ತದೆ. ಹಗಲು ಹರವಿದ್ದನ್ನು ಸಂಜೆ ರಾಶಿ ಮಾಡಿ, ತಾಡಪಾಲು ಹೊದಿಸಿ, ಗಾಡಿ ಹತ್ತದಿರಲೆಂದು ಸುತ್ತ ಕಲ್ಲು ಇಡುತ್ತಾರೆ. ರೈತನಿಗೆ ಅದು ಕಾವಲು. ಕತ್ತಲಲ್ಲಿ ಬರುವ ಬೈಕ್ ಸವಾರನಿಗೆ ಅದೇ ಕಂಟಕ. ಚನ್ನಗಿರಿ, ನ್ಯಾಮತಿ ಭಾಗದ ತೋಟಗಳಲ್ಲಿ ಅಡಿಕೆ ಮರ ಹತ್ತಿ ಗೊನೆ ಇಳಿಸುವವರು ಕಾಲು ಜಾರಿದರೆ ಪೆಟ್ಟು ಬೀಳುವುದು ತಲೆಗೆ, ಇಲ್ಲವೇ ಬೆನ್ನುಹುರಿಗೆ.

ಇದನ್ನು ಹಣೆಬರಹ ಎಂದು ಬಿಟ್ಟುಬಿಡುವುದು ನಮಗೆ ಅಭ್ಯಾಸವಾಗಿದೆ. ಲೆಕ್ಕ ಇಟ್ಟರೆ ಇದನ್ನು ತಡೆಯಬಹುದು ಎಂದು ತೋರಿಸುವುದಕ್ಕೇ ದಶಕಗಳನ್ನು ಮುಡಿಪಿಟ್ಟವರು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್. ರೋಗ, ಗಾಯಗಳು ಯಾರಿಗೆ, ಎಲ್ಲಿ, ಏಕೆ ಆಗುತ್ತವೆ ಎಂದು ಲೆಕ್ಕ ಹಾಕುವ ಎಪಿಡೆಮಿಯಾಲಜಿ ವಿಭಾಗದ ಮುಖ್ಯಸ್ಥರಾಗಿ, ಮುಂದೆ ಸಂಸ್ಥೆಯ ನಿರ್ದೇಶಕರಾಗಿಯೂ ಕೆಲಸ ಮಾಡಿದವರು. ಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆಯುವುದು ಶಸ್ತ್ರಚಿಕಿತ್ಸಕರ ಕೆಲಸ. ಗುರುರಾಜ್ ಅವರ ಶಾಸ್ತ್ರ ಕೇಳುವ ಪ್ರಶ್ನೆಗಳೇ ಬೇರೆ: ಗಾಯಾಳು ಎಲ್ಲಿ ಬಿದ್ದ, ಹೆಲ್ಮೆಟ್ ಇತ್ತೇ, ಕುಡಿದಿದ್ದನೇ, ಆಸ್ಪತ್ರೆ ಸೇರಲು ಎಷ್ಟು ಹೊತ್ತು ಹಿಡಿಯಿತು? 2002ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಭಾರತದ ಮಿದುಳು ಗಾಯಗಳಲ್ಲಿ ಶೇ 60ರಷ್ಟಕ್ಕೆ ರಸ್ತೆ ಅಪಘಾತ ಕಾರಣ. ಶೇ 20ರಿಂದ 25ರಷ್ಟು ಎತ್ತರದಿಂದಲೋ ಜಾರಿಯೋ ಬಿದ್ದದ್ದರಿಂದ, ಶೇ 10ರಷ್ಟು ಹೊಡೆದಾಟದಿಂದ. ನಮ್ಮ ರಸ್ತೆಯೂ ತೋಟವೂ ಈ ಮೊದಲ ಎರಡು ಸಾಲುಗಳಲ್ಲೇ ಇವೆ.

ತಲೆಪೆಟ್ಟಷ್ಟೇ ಅಲ್ಲ, ಒಟ್ಟು ನರರೋಗಗಳ ಲೆಕ್ಕ ಹಾಕಿದ, ಅವರು ಸಹಲೇಖಕರಾಗಿದ್ದ ಇನ್ನೊಂದು ಸಮೀಕ್ಷೆ ಹಳ್ಳಿಯವರ ಕಣ್ಣು ತೆರೆಸಬೇಕು. ನರತಜ್ಞೆ ಡಾ. ಎಂ. ಗೌರಿದೇವಿ ನೇತೃತ್ವದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳ 1,02,557 ಜನರ ನಡುವೆ ನಡೆದ ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನರರೋಗ ಇದ್ದವರು ನಗರದಲ್ಲಿ ಲಕ್ಷಕ್ಕೆ 2,190, ಹಳ್ಳಿಯಲ್ಲಿ 4,070. ಮೂರ್ಛೆರೋಗವೂ ಹಾಗೆಯೇ: ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9. ಹಳ್ಳಿ ಗಾಳಿ, ಹಳ್ಳಿ ಊಟ, ಗಟ್ಟಿ ಆರೋಗ್ಯ ಎಂಬ ನಮ್ಮ ಹೆಮ್ಮೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ರೋಗ ಹೆಚ್ಚುಕಡಿಮೆ ದುಪ್ಪಟ್ಟು ಇರುವುದು ಹಳ್ಳಿಯಲ್ಲಿ, ನರತಜ್ಞರು ಕೂತಿರುವುದು ನಗರದಲ್ಲಿ.

ಇದಕ್ಕೆ ಕೋಟಿಗಟ್ಟಲೆ ಖರ್ಚಿನ ಪರಿಹಾರವೇ ಬೇಕೆಂದೇನೂ ಇಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನರತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿಟ್ಸ್ ಬರುವವರನ್ನು ಊರೂರಲ್ಲಿ ಗುರುತಿಸಿ, ಫಿನೊಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಕೊಟ್ಟು ವರ್ಷಗಳ ಕಾಲ ಬೆನ್ನುಹತ್ತಿ ನೋಡಿಕೊಂಡರು. ಬೇಗ ಶುರು ಮಾಡಿ, ತಪ್ಪದೆ ನುಂಗಿದವರಲ್ಲಿ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಷ್ಟಾದರೂ ನಮ್ಮಲ್ಲಿ ಫಿಟ್ಸ್ ಬಂದವರ ಕೈಗೆ ಮೊದಲು ಸಿಗುವುದು ಬೀಗದ ಕೈಗೊಂಚಲು.

ಫಿಟ್ಸ್‌ಗೆ ತಪ್ಪದೆ ನುಂಗುವ ಮಾತ್ರೆ ಮುಖ್ಯವಾದರೆ, ತಲೆಪೆಟ್ಟಿನಲ್ಲಿ ಹೊತ್ತು ಕಳೆಯುವುದೇ ಅಪಾಯ. ಬಿದ್ದವನು ಎದ್ದು ಕೂತು, ನೀರು ಕೇಳಿ, ಮಾತಾಡಿ, ಗಂಟೆಗಳ ಮೇಲೆ ಮಂಪರಿಗೆ ಜಾರಬಹುದು. ಬುರುಡೆಯ ಒಳಗೆ ಸೋರಿದ ರಕ್ತ ಮಿದುಳನ್ನು ಒತ್ತುತ್ತಿರುತ್ತದೆ. ಅದನ್ನು ಹಿಡಿಯುವ ಮೊದಲ ಉಪಾಯಕ್ಕೆ ಯಂತ್ರ ಬೇಡ. ಕಣ್ಣು ತೆರೆಯುತ್ತಾನೆಯೇ, ಮಾತು ಸರಿಯಿದೆಯೇ, ಹೇಳಿದಂತೆ ಕೈಕಾಲು ಆಡಿಸುತ್ತಾನೆಯೇ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುವ ಗ್ಲಾಸ್ಗೋ ಪಟ್ಟಿ 1974ರಿಂದಲೂ ಇದೆ. ನರ್ಸ್ ಒಬ್ಬರು ಪದೇ ಪದೇ ಅದನ್ನು ಬರೆದಿಟ್ಟು, ಅಂಕ ಇಳಿದ ಕೂಡಲೇ ದಾವಣಗೆರೆಗೋ ಶಿವಮೊಗ್ಗಕ್ಕೋ ಆಂಬುಲೆನ್ಸ್ ಹೊರಡಿಸಿದರೆ ಜೀವ ಉಳಿದೀತು.

ಅದಕ್ಕೂ ಮೊದಲಿನ ಮಾತು ಹೆಲ್ಮೆಟ್. ಅದು ತಲೆಗೆ ಗಾಯವಾಗುವ ಅಪಾಯವನ್ನು ಶೇ 69ರಷ್ಟು, ಸಾವಿನ ಅಪಾಯವನ್ನು ಶೇ 42ರಷ್ಟು ತಗ್ಗಿಸುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡ ಸತ್ಯ. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ದಂಡಕ್ಕೆ ಹೆದರಿ ಟ್ಯಾಂಕಿನ ಮೇಲಿಟ್ಟು, ಪೊಲೀಸರು ಕಂಡಾಗ ತಲೆಗೇರಿಸುವ ಅರ್ಧ ಟೋಪಿ ಹೆಲ್ಮೆಟ್ ಅಲ್ಲ.

ಹಾಗೆಂದು ಎಲ್ಲ ಹೊರೆಯನ್ನೂ ಸವಾರನ ಮೇಲೆ ಹೊರಿಸುವುದೂ ಅನ್ಯಾಯ. ಕಣ ಇಲ್ಲದ ರೈತ ರಸ್ತೆಗೆ ಬಾರದೆ ಎಲ್ಲಿಗೆ ಹೋಗಬೇಕು? ಬರೀ ಎಚ್ಚರಿಕೆ ಕೊಡುವ ಬದಲು ಪಂಚಾಯಿತಿಗಳು ಊರಿಗೊಂದು ಒಕ್ಕಣೆ ಕಣ ಕಟ್ಟಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಫಿಟ್ಸ್ ಮಾತ್ರೆ ಒಂದು ತಿಂಗಳೂ ತಪ್ಪದೆ ಸಿಗಲಿ. ಜಗಳೂರು, ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಈ ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳು ತಲೆಪೆಟ್ಟಿಗೆಂದೇ ಒಂದು ರಿಜಿಸ್ಟರ್ ತೆರೆದು, ಗುರುರಾಜ್ ಅವರ ಶಾಸ್ತ್ರ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ. ಯಾವ ತಿರುವು, ಯಾವ ತಿಂಗಳು, ಯಾವ ಕೆಲಸ ಹೆಚ್ಚು ಜನರನ್ನು ಬೀಳಿಸುತ್ತಿದೆ ಎಂಬುದು ವರ್ಷದೊಳಗೆ ಗೊತ್ತಾಗುತ್ತದೆ. ಚನ್ನಗಿರಿ, ಹೊನ್ನಾಳಿ, ಜಗಳೂರು ಶಾಸಕರು (ನ್ಯಾಮತಿಯೂ ಹೊನ್ನಾಳಿ ಕ್ಷೇತ್ರಕ್ಕೇ ಸೇರಿದೆ) ಮುಂದಿನ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಆ ರಿಜಿಸ್ಟರ್ ಎಲ್ಲಿ ಎಂದು ಆರೋಗ್ಯಾಧಿಕಾರಿಗಳನ್ನು ಕೇಳಬೇಕು.