ಬ್ಯಾಡ್ಜ್ ಕೊಟ್ಟರು, ಕೆಲಸ ಹೇಳಲಿಲ್ಲ

ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಹೊರಡುವ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ. ಇಲ್ಲಿಯ ಬದುಕಿನಲ್ಲಿ ಅದೂ ಒಂದು ಸುಖ. ವಾರವಿಡೀ ಐರೋಲಿಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಾನು, ಒಂದು ದಿನವಾದರೂ ಮನುಷ್ಯರ ನಡುವೆ ಇರೋಣ ಎಂದು ಈ ಭಾಗದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ವಯಂಸೇವಕನಾಗಿ ಹೆಸರು ಕೊಟ್ಟೆ.

ಮೊದಲ ದಿನ ಕೊರಳಿಗೆ ಬ್ಯಾಡ್ಜ್ ಹಾಕಿ, ‘ವಾರ್ಡ್‌ನಲ್ಲಿ ಇರಿ, ಏನಾದರೂ ಇದ್ದರೆ ಹೇಳುತ್ತೇವೆ’ ಎಂದರು. ಯಾರೂ ಏನೂ ಹೇಳಲಿಲ್ಲ. ನರ್ಸ್‌ಗಳಿಗೆ ಉಸಿರಾಡಲೂ ಪುರುಸೊತ್ತಿಲ್ಲ; ನನಗೆ ಕೆಲಸ ಹೇಳಿಕೊಡುವುದೇ ಅವರಿಗೆ ಇನ್ನೊಂದು ಕೆಲಸ. ಗಾಲಿಕುರ್ಚಿ ತಳ್ಳಿದೆ. ಎಕ್ಸ್‌ರೇ ಕೋಣೆ ಕೇಳಿದವರಿಗೆ ದಾರಿ ತೋರಿಸಿದೆ, ಒಮ್ಮೆ ತಪ್ಪು ದಾರಿ. ಮಧ್ಯಾಹ್ನದ ಹೊತ್ತಿಗೆ ಗೋಡೆಗೊರಗಿ ಮೊಬೈಲ್ ನೋಡುತ್ತಿದ್ದೆ.

ಮೂರನೆಯ ವಾರ ಡಾಕ್ಟರೊಬ್ಬರು, ಕನ್ನಡ ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ. ಗಂಡ ಹಾಸಿಗೆ ಹಿಡಿದಿದ್ದಾನೆ. ಹೆಂಡತಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ನಾನು ಕುಂದಾಪುರದವನು, ನನ್ನ ಕನ್ನಡವೇ ಬೇರೆ. ಆದರೂ ಮಾತು ಕಿವಿಗೆ ಬಿದ್ದೊಡನೆ ಆಕೆ ನನ್ನ ಕೈ ಹಿಡಿದುಕೊಂಡರು.

ಡಾಕ್ಟರ್ ಹೇಳಿದ್ದು ಇಷ್ಟು: ರೋಗ ವಾಸಿಯಾಗುವ ಹಂತ ದಾಟಿದೆ, ಮನೆಗೆ ಕರೆದೊಯ್ಯಲಿ. ಮೊದಲರ್ಧ ನನ್ನ ಬಾಯಿಂದ ಹೊರಡಲಿಲ್ಲ. ‘ಮನೆಗೆ ಕರ್ಕೊಂಡು ಹೋಗಬಹುದಂತೆ’ ಎಂದುಬಿಟ್ಟೆ. ಆಕೆಯ ಮುಖ ಅರಳಿತು. ‘ಹಂಗಾದ್ರ ಆರಾಮ ಆದ್ರೇನ್ರಿ?’ ಎಂದರು. ಡಾಕ್ಟರ್ ಆಗಲೇ ಮುಂದಿನ ಹಾಸಿಗೆಯ ಬಳಿ ಇದ್ದರು. ಸಮಾಜ ಕಾರ್ಯಕರ್ತರನ್ನಾದರೂ ಕರೆತರೋಣವೆಂದು ಓಡಿದರೆ, ಭಾನುವಾರ, ಕೋಣೆಗೆ ಬೀಗ. ಮರಳಿ ಬಂದು ಆಕೆಗೆ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ವಾರ ಆ ಹಾಸಿಗೆಯಲ್ಲಿ ಬೇರೆ ರೋಗಿ ಇದ್ದರು.

ಸೇವೆಗೆ ಮನಸ್ಸಿದ್ದರೆ ಸಾಕು ಎನ್ನುತ್ತೇವೆ. ಸಾಲದು. ನಮ್ಮ ನೆರೆಯ ಕೇರಳ ಇದನ್ನು ಬಹಳ ಹಿಂದೆಯೇ ಅರಿತುಕೊಂಡಿತು. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಊರೂರಿಗೆ ಹಬ್ಬಿದ್ದು ಸ್ವಯಂಸೇವಕರಿಂದಲೇ. ಆದರೆ ಅಲ್ಲಿ ಮೊದಲು ತರಬೇತಿ, ಆಮೇಲೆ ರೋಗಿಯ ಮನೆ. ಏನು ಮಾಡಬೇಕು ಎಂಬುದರಷ್ಟೇ ಏನು ಮಾಡಬಾರದು ಎಂಬುದನ್ನೂ ಕಲಿಸಬೇಕಾದ ಕೆಲಸ ಇದು.

ಆಸ್ಪತ್ರೆಗಳಿಂದ ದೊಡ್ಡದೇನೂ ಬೇಕಿಲ್ಲ. ಒಂದು ಹಾಳೆ ಸಾಕು: ಯಾವ ವಾರ್ಡ್, ಯಾವ ಕೆಲಸ, ತೊಡಕಾದರೆ ಯಾರಿಗೆ ಫೋನ್. ಬ್ಯಾಡ್ಜ್ ಮೇಲೆ ಹೆಸರಿನ ಜೊತೆ ಬಲ್ಲ ಭಾಷೆಗಳೂ ಇರಲಿ. ಕೆಟ್ಟ ಸುದ್ದಿ ಹೇಳುವುದು ಡಾಕ್ಟರ ಹೊಣೆ. ನಾವು ಪಕ್ಕದಲ್ಲಿ ನಿಂತು ಮಾತು ದಾಟಿಸುವವರು ಮಾತ್ರ.

ಉಳಿದದ್ದು ನಮ್ಮ ಪಾಲು. ಚಿಕಿತ್ಸೆಗೆಂದು ಕರ್ನಾಟಕದಿಂದ ಪರೇಲ್‌ನ ಟಾಟಾ ಆಸ್ಪತ್ರೆಗೆ, ಖಾರ್‌ಘರ್‌ನ ಅದರ ಕೇಂದ್ರಕ್ಕೆ ಬರುವವರಿದ್ದಾರೆ. ಇಲ್ಲೇ ದುಡಿಯುತ್ತ ಕಾಯಿಲೆ ಬೀಳುವವರೂ ಇದ್ದಾರೆ. ಥಾಣೆ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಸಂಘಗಳು ಯಕ್ಷಗಾನ, ರಾಜ್ಯೋತ್ಸವಗಳನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತವೆ! ಅದೇ ಸಭಾಂಗಣದಲ್ಲಿ ವರ್ಷಕ್ಕೆ ಅರ್ಧ ದಿನ, ಇಲ್ಲಿಯ ಕನ್ನಡಿಗ ಡಾಕ್ಟರು, ನರ್ಸ್‌ಗಳಿಂದ ಪಾಠ ಹೇಳಿಸಬಹುದು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರ ಪಟ್ಟಿಯೊಂದನ್ನು ಆಸ್ಪತ್ರೆಗಳಿಗೆ ತಲುಪಿಸಬಹುದು. ಉತ್ತರ ಕರ್ನಾಟಕದ ಮಾತು ಬಲ್ಲವರು ಅದರಲ್ಲಿ ಇರಲೇಬೇಕು.

ನಾನು ಈಗಲೂ ಹೋಗುತ್ತೇನೆ. ಕಿಸೆಯಲ್ಲಿ ನಾನೇ ಬರೆದುಕೊಂಡ ಹಾಳೆಯಿದೆ. ಅದರ ಮೊದಲ ಸಾಲು: ಡಾಕ್ಟರ್ ಮುಂದಿನ ಹಾಸಿಗೆಗೆ ಹೋಗುವ ಮುನ್ನ, ‘ನಿಮಗೆ ಏನು ಅರ್ಥವಾಯಿತು, ಹೇಳಿ’ ಎಂದು ಮನೆಯವರನ್ನು ಕೇಳು.